ಒಂದು ತೋಟಾ ಹೆಚ್ಚು, ಒಂದು ತೋಟಾ ಕಡಿಮೆ

ಪಿಸ್ತೂಲು ಸ್ಪರ್ಧೆಯಲ್ಲಿ ಗೆಲ್ಲಿಸುವುದು ಕಣ್ಣು ಮತ್ತು ಕೈ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಸೋಲಿಸುವುದು ಅನೇಕ ಸಲ ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡ ಒಂದು ತಗಡಿನ ಡಬ್ಬಿ!

ಟೈಮರಿನ ‘ಬೀಪ್’ ಸದ್ದು ಕೇಳುತ್ತಿದ್ದಂತೆ ಸ್ಪರ್ಧಿಯ ಕೈ ಸೊಂಟದ ಒರೆಯತ್ತ ಧಾವಿಸುತ್ತದೆ. ಒಂದು ಸೆಕೆಂಡು ತುಂಬುವ ಹೊತ್ತಿಗೆ ಮೊದಲ ಗುಂಡು ರಟ್ಟಿನ ಗುರಿಯನ್ನು ತೂರಿ ಹಿಂದಿನ ಮಣ್ಣಿನ ದಿಬ್ಬ ಸೇರಿರುತ್ತದೆ. ಇಲ್ಲಿ ಎರಡು, ಅಲ್ಲಿ ಎರಡು. ಎಡಕ್ಕೆ ನಾಲ್ಕು ಹೆಜ್ಜೆ ಓಟ. ಹಲಗೆ ಗೋಡೆಯ ಕಿಂಡಿಯಿಂದ ಮತ್ತೆ ನಾಲ್ಕು. ಕಣ್ಣು ಮುಚ್ಚಿ ಕೇಳಿದರೆ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೆ ಎನ್ನಿಸಬೇಕು, ಅಷ್ಟು ಲಯಬದ್ಧ.

ಇದ್ದಕ್ಕಿದ್ದಂತೆ ಆ ಲಯ ಕಡಿಯುತ್ತದೆ. ಕುದುರೆ ಎಳೆದರೂ ಪಿಸ್ತೂಲು ಮಾತಾಡದು. ಸ್ಪರ್ಧಿ ಹಿಡಿಕೆಯ ತಳಕ್ಕೆ ಅಂಗೈಯಿಂದ ಹೊಡೆಯುತ್ತಾನೆ, ಸ್ಲೈಡನ್ನು ಹಿಂದಕ್ಕೆಳೆದು ಬಿಡುತ್ತಾನೆ. ಊಹೂಂ. ಮ್ಯಾಗಝಿನನ್ನೇ ಕಿತ್ತು ನೆಲಕ್ಕೆ ಬಿಸುಟು, ಸೊಂಟದಿಂದ ಇನ್ನೊಂದನ್ನು ತೆಗೆದು ತುರುಕುತ್ತಾನೆ. ಪಿಸ್ತೂಲಿಗೆ ಮತ್ತೆ ಜೀವ ಬರುತ್ತದೆ. ಇಷ್ಟಕ್ಕೆ ಹಿಡಿದದ್ದು ಮೂರೇ ಸೆಕೆಂಡು. ಆದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದವನಿಗೆ ಆ ದಿನದ ಪಂದ್ಯ ಅಲ್ಲಿಗೆ ಮುಗಿದಂತೆಯೇ. ಆಟ ಮುಗಿಸಿ ಅವನು ಮೊದಲು ಬಗ್ಗಿ ಎತ್ತಿಕೊಳ್ಳುವುದು ಧೂಳಿನಲ್ಲಿ ಬಿದ್ದ ಆ ಮ್ಯಾಗಝಿನನ್ನು. ತಿರುಗಿಸಿ ಅದರ ತಳದಲ್ಲಿ ಬರೆದ ಸಂಖ್ಯೆ ನೋಡುತ್ತಾನೆ. ಅಪರಾಧಿ ಸಿಕ್ಕಿದ್ದಾನೆ.

ಅಮೆರಿಕದಲ್ಲಿ ವಾರಾಂತ್ಯದ ‘ಪ್ರಾಕ್ಟಿಕಲ್ ಶೂಟಿಂಗ್’ ಪಂದ್ಯಗಳಿಗೆ ಹೋಗುವವರಿಗೆ ಇದು ಹೊಸ ದೃಶ್ಯವಲ್ಲ. ಪಿಸ್ತೂಲಿಗೆ ಸಾವಿರಾರು ಡಾಲರ್ ಸುರಿದವರೂ ಅದರ ಹೊಟ್ಟೆಗೆ ತೋಟಾ ಉಣಿಸುವ ಡಬ್ಬಿಯ ವಿಷಯದಲ್ಲಿ ಎಡವುತ್ತಾರೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ!

ಖಜಾನೆಯ ನಂಟು

ಮ್ಯಾಗಝಿನ್ ಎಂದರೆ ಓದುವ ಪತ್ರಿಕೆ ಎಂದೇ ತಿಳಿದವರಿಗೆ ಈ ಡಬ್ಬಿಯ ಹೆಸರು ಸೋಜಿಗವೆನಿಸಬಹುದು. ವಾಸ್ತವದಲ್ಲಿ ಆ ಪದದ ಮೂಲ ಅರ್ಥ ಉಗ್ರಾಣ. ಕೂಡಿಡುವುದು ಎಂಬರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿ, ಯೂರೋಪಿನ ಭಾಷೆಗಳನ್ನು ಹಾದು ಇಂಗ್ಲಿಷಿಗೆ ಬಂದ ಮಾತು ಅದು. ಅದೇ ಧಾತುವಿನಿಂದ ಹುಟ್ಟಿ ಪಾರಸಿಯ ದಾರಿಯಲ್ಲಿ ಕನ್ನಡಕ್ಕೆ ಬಂದದ್ದು ‘ಖಜಾನೆ’. ಮದ್ದುಗುಂಡು ಕೂಡಿಡುವ ಮನೆಗೆ ಮೊದಲು ಈ ಹೆಸರಿತ್ತು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಬರಹಗಳ ಉಗ್ರಾಣ ಎಂಬ ಅರ್ಥದಲ್ಲಿ ತನ್ನ ಮಾಸಪತ್ರಿಕೆಗೆ ‘ಜಂಟಲ್‌ಮನ್ಸ್ ಮ್ಯಾಗಝಿನ್’ ಎಂದು ಹೆಸರಿಟ್ಟ. ಓದುವ ಮ್ಯಾಗಝಿನ್ ಹುಟ್ಟಿದ್ದು ಆಮೇಲೆ, ಸಿಡಿಯುವ ಮ್ಯಾಗಝಿನ್ ಮೊದಲು.

ಪಿಸ್ತೂಲಿನ ಈ ಖಜಾನೆಯಲ್ಲಿರುವುದು ಐದೇ ಅಂಗ. ತಗಡಿನದೋ ಪ್ಲಾಸ್ಟಿಕ್ಕಿನದೋ ಒಂದು ಕೊಳವೆ. ಅದರ ಬಾಯಲ್ಲಿ ಒಳಮುಖವಾಗಿ ಬಾಗಿದ ಎರಡು ‘ತುಟಿ’ಗಳು. ಇವು ಮೇಲಿನ ತೋಟಾವನ್ನು ಹಿಡಿದುಕೊಂಡು, ಸ್ಲೈಡ್ ಬಂದು ತಳ್ಳಿದಾಗ ಮಾತ್ರ ಬಿಟ್ಟುಕೊಡಬೇಕು. ಒಳಗೆ ಒಂದು ಸ್ಪ್ರಿಂಗ್. ಅದರ ತಲೆಯ ಮೇಲೆ, ತೋಟಾಗಳನ್ನು ಹೊತ್ತು ಮೇಲೇರುವ ‘ಫಾಲೋಯರ್’. ಕೊನೆಗೆ ತಳದ ಮುಚ್ಚಳ, ಅಂದರೆ ‘ಬೇಸ್ ಪ್ಯಾಡ್’. ಸಾಮಾನ್ಯ ಪಿಸ್ತೂಲಿನಲ್ಲಿ ಈ ಮುಚ್ಚಳ ತೆಳ್ಳಗಿನ ಬಿಲ್ಲೆಯಷ್ಟೆ. ಸ್ಪರ್ಧೆಯ ಪಿಸ್ತೂಲಿನಲ್ಲಿ ಅದು ಎರಡು ಬೆರಳು ಅಗಲದ ಟೊಳ್ಳು ಬಟ್ಟಲಾಗುತ್ತದೆ. ಆ ಟೊಳ್ಳಿನೊಳಗೆ ಸ್ಪ್ರಿಂಗಿನ ಕಾಲು ಇಳಿಯುತ್ತದೆ. ಅಷ್ಟರಮಟ್ಟಿಗೆ ಮೇಲೆ ಜಾಗವಾಗುತ್ತದೆ. ನಾಲ್ಕೋ ಐದೋ ಆರೋ ತೋಟಾ ಹೆಚ್ಚಿಗೆ ಹಿಡಿಸುತ್ತದೆ. ಗ್ಲಾಕ್-17ರ ಮ್ಯಾಗಝಿನ್ ಕಾರ್ಖಾನೆಯಿಂದ ಬರುವಾಗ 17 ತೋಟಾದ್ದು. ಉದ್ದನೆಯ ಬೇಸ್ ಪ್ಯಾಡ್ ಹಾಕಿದರೆ ಅದೇ ಕೊಳವೆ 23 ನುಂಗುತ್ತದೆ.

ಏಳರಿಂದ ಮೂವತ್ತಕ್ಕೆ

ಈ ಹಸಿವು ಯಾಕೆ ಹುಟ್ಟಿತು ಎಂದು ತಿಳಿಯಲು ಆಟದ ಪರಿಚಯ ಬೇಕು. ಒಲಿಂಪಿಕ್ಸಿನ ಪಿಸ್ತೂಲು ಸ್ಪರ್ಧೆ ನಿಂತಲ್ಲೇ ನಿಂತು ಆಡುವ ಆಟ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಕೂಡ ಅಂಥದೇ. ಅಲ್ಲಿ ಒಂದು ಸರದಿಗೆ ಐದೇ ಗುಂಡು, ಹೀಗಾಗಿ ಮ್ಯಾಗಝಿನಿಗೆ ತುಂಬುವುದೂ ಐದೇ.

ಪ್ರಾಕ್ಟಿಕಲ್ ಶೂಟಿಂಗ್ ಹಾಗಲ್ಲ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟದೂರು ಬಿಗ್ ಬೇರ್‌ನಲ್ಲಿ ಜೆಫ್ ಕೂಪರ್ ಮತ್ತು ಗೆಳೆಯರು ನಡೆಸಿದ ಪಂದ್ಯಗಳಲ್ಲಿ ಅದರ ಬೇರಿದೆ. 1975ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಗೆದ್ದವರು ಅಮೆರಿಕದ ರೇ ಚಾಪ್‌ಮನ್. ಮರುವರ್ಷ ಮಿಸ್ಸೌರಿಯ ಕೊಲಂಬಿಯಾದಲ್ಲಿ ಅಂತಾರಾಷ್ಟ್ರೀಯ ಸಂಸ್ಥೆ ‘ಐಪಿಎಸ್‌ಸಿ’ ಹುಟ್ಟಿತು. ಕೂಪರ್ ಅದರ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ ಎಂಬರ್ಥದ ಮೂರು ಲ್ಯಾಟಿನ್ ಪದಗಳು ಸಂಸ್ಥೆಯ ಧ್ಯೇಯವಾಕ್ಯ. 1984ರಲ್ಲಿ ಅದರ ಅಮೆರಿಕನ್ ಶಾಖೆಯಾಗಿ ‘ಯುಎಸ್‌ಪಿಎಸ್‌ಎ’ ಸ್ಥಾಪನೆಯಾಯಿತು.

ಆ ಮೊದಲ ದಿನಗಳಲ್ಲಿ ಬಹುತೇಕರ ಕೈಯಲ್ಲಿದ್ದದ್ದು ಜಾನ್ ಬ್ರೌನಿಂಗ್ ರೂಪಿಸಿದ 1911ರ ಮಾದರಿಯ .45 ಪಿಸ್ತೂಲು. ತೋಟಾಗಳು ಒಂದರ ಮೇಲೊಂದು ಒಂಟಿ ಸಾಲಿನಲ್ಲಿ ಕೂರುವ ಅದರ ಮ್ಯಾಗಝಿನ್ ಹಿಡಿಯುತ್ತಿದ್ದದ್ದು ಏಳು. ಎರಡು ಸಾಲಿನ ಮ್ಯಾಗಝಿನ್ ಆಗಲೇ ಇರಲಿಲ್ಲವೆಂದಲ್ಲ. 1935ರ ಬ್ರೌನಿಂಗ್ ಹೈ-ಪವರ್ 9 ಮಿಲಿಮೀಟರಿನ 13 ತೋಟಾ ಹಿಡಿಯುತ್ತಿತ್ತು. ಆದರೆ 1911ರ ಹಗುರ ಕುದುರೆಯೂ ಬೇಕು, ಎರಡು ಸಾಲಿನ ಹೊಟ್ಟೆಯೂ ಬೇಕು ಎಂಬ ಸ್ಪರ್ಧಿಗಳ ಆಸೆ ಈಡೇರಲು ಕಾಲ ಹಿಡಿಯಿತು. ಕೆನಡಾದ ಪ್ಯಾರಾ-ಆರ್ಡ್‌ನೆನ್ಸ್ ದಪ್ಪ ಹಿಡಿಕೆಯ ಚೌಕಟ್ಟನ್ನು ತಂದಿತು. 1990ರ ದಶಕದ ಆರಂಭದಲ್ಲಿ ಸ್ಯಾಂಡಿ ಸ್ಟ್ರೇಯರ್ ಮತ್ತು ವರ್ಜಿಲ್ ಟ್ರಿಪ್ ಉಕ್ಕಿನ ಮೇಲ್ಭಾಗಕ್ಕೆ ಪ್ಲಾಸ್ಟಿಕ್ ಹಿಡಿಕೆ ಜೋಡಿಸಿದ ವಿನ್ಯಾಸ ರೂಪಿಸಿದರು. ‘2011’ ಎಂಬ ಹೆಸರಿನಲ್ಲಿ ಅದು ಸ್ಪರ್ಧಾಕಣದ ರಾಜನಾಯಿತು. ಅಲ್ಲಿಂದ ಮುಂದೆ ಮ್ಯಾಗಝಿನಿನ ಬಾಲ ಬೆಳೆಯುತ್ತಲೇ ಹೋಯಿತು. ಇಂದು ‘ಓಪನ್’ ವಿಭಾಗದ ಉದ್ದ ಮ್ಯಾಗಝಿನ್ ಹೆಚ್ಚುಕಡಿಮೆ 30 ತೋಟಾ ಹಿಡಿಯುತ್ತದೆ.

ಸೆಕೆಂಡಿನ ಲೆಕ್ಕ

ಈ ಆಟದಲ್ಲಿ ಅಂಕವನ್ನು ಸಮಯದಿಂದ ಭಾಗಿಸುತ್ತಾರೆ. ಬಂದ ಭಾಗಲಬ್ಧವೇ ‘ಹಿಟ್ ಫ್ಯಾಕ್ಟರ್’. ಅದು ಯಾರದು ಹೆಚ್ಚೋ ಅವರಿಗೆ ಆ ಸುತ್ತಿನ ಪೂರ್ಣಾಂಕ. ಉಳಿದವರಿಗೆ ಅದೇ ಪ್ರಮಾಣದಲ್ಲಿ ಕಡಿಮೆ. ಒಂದು ದೊಡ್ಡ ಸುತ್ತಿನಲ್ಲಿ ಗರಿಷ್ಠ 32 ಗುಂಡು. ಎಲ್ಲವೂ ನಡುಭಾಗಕ್ಕೆ ಬಿದ್ದರೆ ತಲಾ ಐದರಂತೆ 160 ಅಂಕ.

ಒಬ್ಬ ಸ್ಪರ್ಧಿ ಅಷ್ಟೂ ಅಂಕವನ್ನು 20 ಸೆಕೆಂಡಿನಲ್ಲಿ ಗಳಿಸಿದ ಎನ್ನೋಣ. ಹಿಟ್ ಫ್ಯಾಕ್ಟರ್ 8. ಇನ್ನೊಬ್ಬ ಅಷ್ಟೇ ಚೆನ್ನಾಗಿ ಹೊಡೆದ, ಆದರೆ ನಡುವೆ ನಿಂತಲ್ಲೇ ಮ್ಯಾಗಝಿನ್ ಬದಲಿಸಲು ಒಂದು ಸೆಕೆಂಡು ಹೆಚ್ಚು ತಗೊಂಡ. ಅವನಿಗೆ ದಕ್ಕುವುದು 152 ಚಿಲ್ಲರೆ ಅಂಕ. ಒಂದು ಸೆಕೆಂಡಿಗೆ ಏಳೂವರೆ ಅಂಕದ ದಂಡ! ಉದ್ದನೆಯ ಮ್ಯಾಗಝಿನಿಗೆ ಜನ ಯಾಕೆ ಮುಗಿಬೀಳುತ್ತಾರೆ ಎಂಬುದಕ್ಕೆ ಇದೇ ಉತ್ತರ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಒಂದು ಗುಂಡು ಗುರಿ ತಪ್ಪಿತು ಎಂದಿಟ್ಟುಕೊಳ್ಳೋಣ. ಬರಬೇಕಿದ್ದ ಐದು ಹೋಯಿತು, ಮೇಲೆ ಹತ್ತು ದಂಡ. ಒಟ್ಟು ನಷ್ಟ 15. ಇನ್ನೊಬ್ಬನದು ಒಂದೂ ತಪ್ಪಲಿಲ್ಲ, ಆದರೆ ಪಿಸ್ತೂಲು ಸಿಕ್ಕಿಹಾಕಿಕೊಂಡು ಮೂರು ಸೆಕೆಂಡು ಕಳೆಯಿತು. ಅವನಿಗೆ ಬರುವುದು 139 ಅಂಕ. ನಷ್ಟ 21! ಅಂದರೆ ಗುರಿ ತಪ್ಪುವುದಕ್ಕಿಂತ ಮ್ಯಾಗಝಿನ್ ಕೈಕೊಡುವುದು ದುಬಾರಿ. ಈ ಉದಾಹರಣೆಯಲ್ಲಿ ಎರಡು ಸೆಕೆಂಡು ಮೀರಿದ ಯಾವ ತಡೆಯೂ ಒಂದು ಗುರಿತಪ್ಪಿಗಿಂತ ಕೆಟ್ಟದ್ದು.

ಇನ್ನೂ ಒಂದು ಮಾತಿದೆ. ಒಂದೇ ಜಾಗದಲ್ಲಿ ನಿಂತು 32 ಗುಂಡನ್ನೂ ಹೊಡೆಯಲು ನಿಯಮ ಬಿಡುವುದಿಲ್ಲ. ಅಮೆರಿಕದ ನಿಯಮದಂತೆ ಒಂದು ನೆಲೆಯಿಂದ ಎಂಟಕ್ಕಿಂತ ಹೆಚ್ಚು ಹೊಡೆತ ಬೇಡುವಂತೆ ಸುತ್ತನ್ನು ರಚಿಸಬಾರದು. ಹಾಗಾಗಿ ಸ್ಪರ್ಧಿ ಓಡಲೇಬೇಕು. ಓಡುವಾಗ ಹೇಗೂ ಗುಂಡು ಹಾರಿಸುವಂತಿಲ್ಲದಿದ್ದರೆ ಆ ನಾಲ್ಕು ಹೆಜ್ಜೆಯಲ್ಲೇ ಮ್ಯಾಗಝಿನ್ ಬದಲಿಸಿಬಿಡಬಹುದು. ಅದಕ್ಕೆ ಖರ್ಚು ಸೊನ್ನೆ. ಪಳಗಿದವರು ಸುತ್ತು ಶುರುವಾಗುವ ಮುಂಚೆ ಅಂಗಳದಲ್ಲಿ ಬೆರಳು ತೋರಿಸುತ್ತ, ಬಾಯಲ್ಲಿ ಎಣಿಸುತ್ತ ತಿರುಗುವುದು ಇದಕ್ಕೇ. ಎಲ್ಲಿ ಎಷ್ಟು ಹೊಡೆತ, ಎಲ್ಲಿ ಬದಲಾವಣೆ ಎಂದು ಗಟ್ಟಿ ಮಾಡಿಕೊಳ್ಳುತ್ತಾರೆ. ಹೀಗೆ ನೋಡಿದರೆ 23ರ ಬದಲು 24 ಹಿಡಿಯುವ ಮ್ಯಾಗಝಿನಿನಿಂದ ಲಾಭವಾಗುವುದು ಹತ್ತು ಸುತ್ತಿನಲ್ಲಿ ಒಂದರಲ್ಲೋ ಎರಡರಲ್ಲೋ. ಅದು ಸಿಕ್ಕಿಹಾಕಿಕೊಂಡರೆ ಆಗುವ ನಷ್ಟ ಮಾತ್ರ ಯಾವ ಸುತ್ತಿನಲ್ಲೂ ಆಗಬಹುದು.

ಹಾಸಿಗೆ ಇದ್ದಷ್ಟು ಕಾಲು

ಮ್ಯಾಗಝಿನ್ ಕೊಳ್ಳುವವರು ಮೊದಲು ತೆರೆಯಬೇಕಾದದ್ದು ನಿಯಮಪುಸ್ತಕವನ್ನು, ಅಂಗಡಿಯ ಬಾಗಿಲನ್ನಲ್ಲ. ಯುಎಸ್‌ಪಿಎಸ್‌ಎ ‘ಓಪನ್’ ವಿಭಾಗದಲ್ಲಿ ಮ್ಯಾಗಝಿನಿನ ಉದ್ದ 171.25 ಮಿಲಿಮೀಟರ್ ಮೀರುವಂತಿಲ್ಲ. ‘ಲಿಮಿಟೆಡ್’ ಮತ್ತು ‘ಕ್ಯಾರಿ ಆಪ್ಟಿಕ್ಸ್’ ವಿಭಾಗಗಳಲ್ಲಿ ಮಿತಿ 141.25. ಅಂಗಡಿಯವರು ‘ಒನ್ ಸೆವೆಂಟಿ’, ‘ಒನ್ ಫಾರ್ಟಿ’ ಎಂದು ಕರೆಯುವುದು ಇವನ್ನೇ. ಕ್ಯಾರಿ ಆಪ್ಟಿಕ್ಸ್ ವಿಭಾಗಕ್ಕೆ ಆರಂಭದಲ್ಲಿ ಹತ್ತೇ ಗುಂಡಿನ ಮಿತಿಯಿತ್ತು. ಅದನ್ನು ಸಡಿಲಿಸಿ ಉದ್ದದ ಮಿತಿ ತಂದ ಮೇಲೆ ಬೇಸ್ ಪ್ಯಾಡ್ ವ್ಯಾಪಾರಕ್ಕೆ ಹಬ್ಬವಾಯಿತು.

ಅಂತಾರಾಷ್ಟ್ರೀಯ ನಿಯಮ ಬೇರೆ. ಐಪಿಎಸ್‌ಸಿ ‘ಓಪನ್’ನಲ್ಲಿ 170 ಮಿಲಿಮೀಟರ್. ‘ಸ್ಟ್ಯಾಂಡರ್ಡ್’ ವಿಭಾಗದಲ್ಲಿ ಅಳತೆಪಟ್ಟಿಯ ಬದಲು ಒಂದು ಪೆಟ್ಟಿಗೆ! 225 ಮಿಲಿಮೀಟರ್ ಉದ್ದ, 150 ಅಗಲ, 45 ಆಳದ ಆ ಪೆಟ್ಟಿಗೆಯೊಳಗೆ ಮ್ಯಾಗಝಿನ್ ಸಮೇತ ಪಿಸ್ತೂಲು ಮಲಗಬೇಕು. ಹಾಗಾಗಿ ಅಮೆರಿಕದ ಲಿಮಿಟೆಡ್ ಪಂದ್ಯ ಆಡುವವರು ವಿದೇಶಕ್ಕೆ ಹೊರಡುವಾಗ ಬೇಸ್ ಪ್ಯಾಡುಗಳನ್ನೇ ಬದಲಿಸಬೇಕಾಗಿ ಬರುವುದುಂಟು. ಇನ್ನು ಐಪಿಎಸ್‌ಸಿ ‘ಪ್ರೊಡಕ್ಷನ್’ ವಿಭಾಗದಲ್ಲಿ ಎಣಿಕೆಯದೇ ಮಿತಿ, 15 ಗುಂಡು. ಅಲ್ಲಿ ಉದ್ದದ ಬಾಲ ಕಟ್ಟಿಕೊಂಡು ಪ್ರಯೋಜನವಿಲ್ಲ. ಬೇಸ್ ಪ್ಯಾಡ್ ಆರಿಸುವಾಗ ಅದು ಕೈಗೆ ಹೇಗೆ ಸಿಗುತ್ತದೆ, ಖಾಲಿಯಾದಾಗ ಎಷ್ಟು ಸಲೀಸಾಗಿ ಜಾರಿ ಬೀಳುತ್ತದೆ ಎಂಬುದನ್ನಷ್ಟೇ ನೋಡಿದರೆ ಸಾಕು.

ಪಂದ್ಯದಲ್ಲಿ ತಪಾಸಣೆಗೆ ಲೋಹದ ಅಳತೆಗಟ್ಟಿ ಇರುತ್ತದೆ. ಮ್ಯಾಗಝಿನ್ ಅದರೊಳಗೆ ಕೂರಬೇಕು, ಅಷ್ಟೆ. ಕೂರದಿದ್ದರೆ ವಾದಕ್ಕೆ ಎಡೆಯಿಲ್ಲ. ಲಿಮಿಟೆಡ್ ಸ್ಪರ್ಧಿಯನ್ನು ಓಪನ್ ವಿಭಾಗಕ್ಕೆ ತಳ್ಳುತ್ತಾರೆ. ಅಲ್ಲಿ ಅವನ ಎದುರಾಳಿಗಳ ಪಿಸ್ತೂಲಿಗೆ ಕೆಂಪು ಚುಕ್ಕೆಯ ದರ್ಶಕ, ಹಿಂದೊದೆತ ತಗ್ಗಿಸುವ ಸಾಧನ ಎಲ್ಲ ಇರುತ್ತವೆ. ಓಪನ್‌ನ ಮಿತಿಯನ್ನೂ ಮೀರಿದರೆ ಅಂಕವೇ ಇಲ್ಲ, ಆಡಿದ್ದಷ್ಟೇ ಬಂತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಗೆ ಇದಕ್ಕಿಂತ ಅಕ್ಷರಶಃ ನಿದರ್ಶನ ಬೇಕೇ? ಹೊಸ ಬೇಸ್ ಪ್ಯಾಡ್ ಹಾಕಿದ ಪ್ರತಿಯೊಂದು ಮ್ಯಾಗಝಿನನ್ನೂ ಮನೆಯಲ್ಲೇ ಅಳೆದು ನೋಡುವುದು ಜಾಣತನ. ಒಂದೇ ಪೊಟ್ಟಣದಿಂದ ಬಂದವು ಎಂದು ಒಂದನ್ನು ಅಳೆದು ಉಳಿದವನ್ನು ನಂಬುವಂತಿಲ್ಲ.

ಆ ಕೊನೆಯ ತೋಟಾ

ಮ್ಯಾಗಝಿನ್ ಯಾಕೆ ಕೈಕೊಡುತ್ತದೆ? ಗುಂಡು ಸಿಡಿದಾಗ ಸ್ಲೈಡ್ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಆ ಅವಧಿಯಲ್ಲಿ ಸ್ಪ್ರಿಂಗ್ ತನ್ನ ಮೇಲಿರುವ ಇಡೀ ಸಾಲನ್ನು ಒಂದು ಹಂತ ಮೇಲೆತ್ತಿ, ಮುಂದಿನ ತೋಟಾವನ್ನು ತುಟಿಗಳ ನಡುವೆ ಸರಿಯಾದ ಕೋನದಲ್ಲಿ ನಿಲ್ಲಿಸಬೇಕು. ಮ್ಯಾಗಝಿನ್ ತುಂಬಿದ್ದಾಗ ಎತ್ತಬೇಕಾದ ಭಾರ ಹೆಚ್ಚು. ಕೊನೆಗೆ ಬಂದಾಗ ಭಾರ ಕಡಿಮೆ, ಆದರೆ ಸ್ಪ್ರಿಂಗ್ ಬಿಚ್ಚಿಕೊಂಡು ಅದರ ಬಲವೂ ಕಡಿಮೆ. ಸ್ಪ್ರಿಂಗ್ ಸೋತರೆ ಸ್ಲೈಡ್ ತೋಟಾದ ಬೆನ್ನು ತಳ್ಳುವ ಬದಲು ಅದರ ಮೇಲೆಯೇ ಹಾದುಹೋಗುತ್ತದೆ, ಇಲ್ಲವೇ ತೋಟಾದ ಮೂತಿ ಕೆಳಗೆ ಬಾಗಿ ಸಿಕ್ಕಿಬೀಳುತ್ತದೆ. ತುಟಿಗಳು ಕೂದಲೆಳೆಯಷ್ಟು ಅಗಲವಾದರೆ ತೋಟಾ ಅವಧಿಗೆ ಮುನ್ನವೇ ಪುಟಿದು ಮೇಲೆ ಬರುತ್ತದೆ.

ಉದ್ದನೆಯ ಬೇಸ್ ಪ್ಯಾಡ್ ಹಾಕುವುದೆಂದರೆ ಈ ಸೂಕ್ಷ್ಮ ಏರ್ಪಾಟಿಗೆ ಕೈಹಾಕಿದಂತೆ. 17 ತೋಟಾ ಎತ್ತಲು ಮಾಡಿದ ಸ್ಪ್ರಿಂಗಿಗೆ 23ರ ಹೊರೆ ಹೊರಿಸಿದರೆ ಅದು ಎಷ್ಟೆಂದು ತಾಳೀತು? ಆದ್ದರಿಂದಲೇ ಒಳ್ಳೆಯ ತಯಾರಕರು ಬೇಸ್ ಪ್ಯಾಡಿನ ಜೊತೆಗೆ ಹೆಚ್ಚು ಸುತ್ತಿನ, ಹೆಚ್ಚು ಬಲದ ಸ್ಪ್ರಿಂಗನ್ನೂ ಕೊಡುತ್ತಾರೆ, ಇಲ್ಲವೇ ಯಾವುದು ಹೊಂದುತ್ತದೆಂದು ಹೇಳುತ್ತಾರೆ. ಡಾಸನ್ ಪ್ರಿಸಿಶನ್, ಟರಾನ್ ಟ್ಯಾಕ್ಟಿಕಲ್, ಟೇಲರ್ ಫ್ರೀಲಾನ್ಸ್ ಬೇಸ್ ಪ್ಯಾಡಿಗೆ ಹೆಸರಾದರೆ, ಗ್ರಾಮ್ಸ್ ಎಂಜಿನಿಯರಿಂಗ್ ಸ್ಪ್ರಿಂಗ್ ಮತ್ತು ಫಾಲೋಯರ್‌ಗಳಿಗೆ ಹೆಸರುವಾಸಿ. ಒಬ್ಬರ ಪ್ಯಾಡ್, ಇನ್ನೊಬ್ಬರ ಸ್ಪ್ರಿಂಗ್, ಮತ್ತೊಬ್ಬರ ಕೊಳವೆ ಸೇರಿಸುವವರು ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವುದು ಕ್ಷೇಮ. ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರದೆಂದು ದೇವರೇ ಹೇಳಬೇಕು.

ಇನ್ನೂ ಒಂದು ತೋಟಾ ತುರುಕಲು ಫಾಲೋಯರನ್ನೇ ಗಿಡ್ಡ ಮಾಡುವ ಪದ್ಧತಿಯೂ ಇದೆ. ಅದಕ್ಕೆ ತೆರಬೇಕಾದ ಬೆಲೆ ಬೇರೆ. ಸಾಮಾನ್ಯವಾಗಿ ಕೊನೆಯ ಗುಂಡು ಹಾರಿದ ಮೇಲೆ ಫಾಲೋಯರ್ ಒಂದು ಸನ್ನೆಯನ್ನು ಮೇಲೆ ತಳ್ಳಿ ಸ್ಲೈಡ್ ತೆರೆದೇ ನಿಲ್ಲುವಂತೆ ಮಾಡುತ್ತದೆ. ಗಿಡ್ಡ ಫಾಲೋಯರಿಗೆ ಆ ಶಕ್ತಿ ಇರುವುದಿಲ್ಲ. ಸ್ಲೈಡ್ ಮುಚ್ಚಿಕೊಳ್ಳುತ್ತದೆ. ಎಣಿಕೆ ತಪ್ಪಿದ ಸ್ಪರ್ಧಿ ಖಾಲಿ ಪಿಸ್ತೂಲನ್ನು ಗುರಿಗೆ ಹಿಡಿದು ಕುದುರೆ ಎಳೆಯುತ್ತಾನೆ. ಎಣಿಕೆಯಲ್ಲಿ ಪಳಗಿದವರಿಗೆ ಇದು ಸರಿ, ಹೊಸಬರಿಗೆ ಅಲ್ಲ.

ಅನುಭವಿಗಳು ಹೇಳುವ ಸರಳ ಪರೀಕ್ಷೆ ಒಂದಿದೆ. ಮ್ಯಾಗಝಿನನ್ನು ಪೂರ್ತಿ ತುಂಬಿ, ಮೇಲಿನ ತೋಟಾವನ್ನು ಹೆಬ್ಬೆರಳಿನಿಂದ ಒತ್ತಬೇಕು. ಅದು ಸ್ವಲ್ಪವಾದರೂ ಕೆಳಗಿಳಿಯಬೇಕು. ಕಲ್ಲಿನಂತೆ ಕೂತಿದ್ದರೆ ಒಂದು ತೋಟಾ ತೆಗೆಯಬೇಕು. ಯಾಕೆಂದರೆ ಸ್ಪರ್ಧೆಯಲ್ಲಿ ಹೆಚ್ಚಾಗಿ ಮ್ಯಾಗಝಿನನ್ನು ತುರುಕುವುದು ಸ್ಲೈಡ್ ಮುಚ್ಚಿದ್ದಾಗ. ಮುಚ್ಚಿದ ಸ್ಲೈಡಿನ ತಳ ಮೇಲಿನ ತೋಟಾವನ್ನು ಕೆಳಕ್ಕೆ ಒತ್ತುತ್ತದೆ. ಸ್ಪ್ರಿಂಗಿನಲ್ಲಿ ಜಾಗವಿಲ್ಲದಿದ್ದರೆ ಮ್ಯಾಗಝಿನ್ ಕೊಂಡಿಗೆ ಸಿಕ್ಕದು. ಓಡುತ್ತಿದ್ದ ಹಾಗೆ ಅದು ಕಾಲ ಬಳಿ ಬೀಳುತ್ತದೆ! ಇದಕ್ಕೇ ಎಷ್ಟೋ ಮಂದಿ 23 ಹಿಡಿಯುವುದಕ್ಕೆ 22 ತುಂಬುತ್ತಾರೆ. ‘ಅತಿ ಆಸೆ ಗತಿ ಕೇಡು’ ಎಂದು ಅವರಿಗೆ ಯಾರೂ ಕನ್ನಡದಲ್ಲಿ ಹೇಳಿಕೊಟ್ಟಿಲ್ಲ, ಸೋತೇ ಕಲಿತದ್ದು.

ಕಳೆದುಕೊಂಡ ಆ ಒಂದನ್ನು ಮರಳಿ ಪಡೆಯಲು ನಿರಪಾಯದ ದಾರಿಯೂ ಇದೆ. ಆರಂಭದಲ್ಲಿ ಸಣ್ಣ ಮ್ಯಾಗಝಿನೊಂದರಿಂದ ಒಂದು ತೋಟಾವನ್ನು ಪಿಸ್ತೂಲಿನ ನಳಿಕೆಗೆ ಏರಿಸಿ, ಆಮೇಲೆ ತುಂಬಿದ ಮ್ಯಾಗಝಿನ್ ಹಾಕುವುದು. ಆ ಸಣ್ಣ ಮ್ಯಾಗಝಿನಿಗೆ ‘ಬಾರ್ನಿ’ ಎಂದು ಅಡ್ಡಹೆಸರು. ಹಳೆಯ ಅಮೆರಿಕನ್ ಟೀವಿ ಹಾಸ್ಯ ಧಾರಾವಾಹಿಯೊಂದರಲ್ಲಿ ಬಾರ್ನಿ ಫೈಫ್ ಎಂಬ ಪೆದ್ದು ಪೊಲೀಸನಿಗೆ ಮೇಲಧಿಕಾರಿ ಒಂದೇ ಗುಂಡು ಕೊಟ್ಟಿರುತ್ತಾನೆ. ಅದರ ನೆನಪಿಗೆ ಈ ಹೆಸರು.

ಧೂಳು, ತೂಕ, ಆಲಿಕೆ

ಬೇಸ್ ಪ್ಯಾಡ್ ಬರಿಯ ಜಾಗದ ಪ್ರಶ್ನೆಯಲ್ಲ. ಅಲ್ಯೂಮಿನಿಯಂ ಪ್ಯಾಡ್ ಹಗುರ, ಹಿತ್ತಾಳೆಯದು ಭಾರ. ಹಿತ್ತಾಳೆ ಇದ್ದರೆ ಖಾಲಿ ಮ್ಯಾಗಝಿನ್ ತಟ್ಟನೆ ಜಾರಿ ಬೀಳುತ್ತದೆ, ಪಿಸ್ತೂಲಿಗೂ ತೂಕ ಬರುತ್ತದೆ. ಆದರೆ ಕೆಲವು ವಿಭಾಗಗಳಲ್ಲಿ ಖಾಲಿ ಮ್ಯಾಗಝಿನ್ ಸಮೇತ ಪಿಸ್ತೂಲಿನ ತೂಕಕ್ಕೆ ಮಿತಿಯಿದೆ. ಕ್ಯಾರಿ ಆಪ್ಟಿಕ್ಸ್‌ನಲ್ಲಿ ಅದು 59 ಔನ್ಸ್. ತಕ್ಕಡಿಗಿಡದೆ ಹಿತ್ತಾಳೆ ಕೊಳ್ಳುವಂತಿಲ್ಲ.

ಪಿಸ್ತೂಲಿನ ಹಿಡಿಕೆಯ ತಳಕ್ಕೆ ಮ್ಯಾಗಝಿನ್ ಬೇಗ ಹೋಗಲೆಂದು ಆಲಿಕೆಯಂಥ ಬಾಯಿ ಜೋಡಿಸುವುದುಂಟು. ಅದರ ಹೆಸರು ‘ಮ್ಯಾಗ್‌ವೆಲ್’. ಪ್ಯಾಡಿನ ಭುಜ ಆ ಆಲಿಕೆಯ ಅಂಚಿಗೆ ತಾಗಿದರೆ ಮ್ಯಾಗಝಿನ್ ಪೂರ್ತಿ ಮೇಲೇರದು. ಹಾಗಾಗಿ ಎರಡನ್ನೂ ಜೊತೆಯಾಗಿಯೇ ನೋಡಿ ಕೊಳ್ಳಬೇಕು. ಪ್ಯಾಡನ್ನು ಕೊಳವೆಗೆ ಬಿಗಿಯುವ ಕ್ರಮವೂ ಮುಖ್ಯ. ಸಡಿಲವಾಗಿದ್ದರೆ ಕಾಂಕ್ರೀಟ್ ನೆಲಕ್ಕೆ ಬಿದ್ದ ಏಟಿಗೆ ಪ್ಯಾಡ್ ಒಂದು ಕಡೆ, ಸ್ಪ್ರಿಂಗ್ ಇನ್ನೊಂದು ಕಡೆ, ತೋಟಾಗಳು ದಿಕ್ಕುಪಾಲು.

ಖಾಲಿ ಮ್ಯಾಗಝಿನ್ ಬೀಳುವುದು ಧೂಳಿಗೆ, ಮರಳಿಗೆ, ಮಳೆ ಬಂದರೆ ಕೆಸರಿಗೆ. ಆದ್ದರಿಂದ ಪ್ರತಿ ಸುತ್ತಿನ ನಂತರ ಕೊಳವೆಯೊಳಗೆ ಬ್ರಷ್ ಹಾಯಿಸುವುದು ಬಹಳ ಮಂದಿಯ ನೇಮ. ಒಳಗೆ ಎಣ್ಣೆ ಸವರಿದರೆ ಚೆನ್ನಾಗಿ ಜಾರುತ್ತದೆಂದು ಹೊಸಬರು ತಿಳಿಯುತ್ತಾರೆ. ಎಣ್ಣೆ ಧೂಳನ್ನು ಕರೆದು ಕೂರಿಸುತ್ತದೆ, ಒಣಗಿರುವುದೇ ಒಳ್ಳೆಯದು. ಪ್ರತಿಯೊಂದರ ತಳದಲ್ಲೂ ಸಂಖ್ಯೆ ಬರೆದಿಡುವುದು ಮತ್ತೊಂದು ಕಟ್ಟಳೆ. ಮೂರನೆಯದು ಎರಡು ಸಲ ಕೈಕೊಟ್ಟಿತು ಎಂದು ಗೊತ್ತಾದರೆ ಅದು ಅಭ್ಯಾಸದ ಚೀಲಕ್ಕೆ ಹೋಗುತ್ತದೆ. ಪಂದ್ಯಕ್ಕೆ ಬೇರೆ ಮ್ಯಾಗಝಿನ್, ಅಭ್ಯಾಸಕ್ಕೆ ಬೇರೆ. 2011 ಮಾದರಿಯ ಒಂದು ಮ್ಯಾಗಝಿನಿಗೆ ನೂರು ಡಾಲರಿಗೂ ಮೀರಿ ತೆರುವುದುಂಟು. ಸೊಂಟದಲ್ಲಿ ನಾಲ್ಕೈದು ಬೇಕಾಗುವುದರಿಂದ ಈ ಜೋಪಾನ ಜಿಪುಣತನವಲ್ಲ.

ಅದೇ ಒಂದು ಸೆಕೆಂಡು

ಮ್ಯಾಗಝಿನಿನ ಮಿತಿಯನ್ನು ಆಟದ ನಿಯಮವೊಂದೇ ನಿರ್ಧರಿಸುವುದಿಲ್ಲ, ನಾಡಿನ ಕಾನೂನೂ ನಿರ್ಧರಿಸುತ್ತದೆ. 1994ರ ಸೆಪ್ಟೆಂಬರ್ 13ರಂದು ಅಮೆರಿಕದಲ್ಲಿ ಜಾರಿಗೆ ಬಂದ ಕಾನೂನು, ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಹೊಸ ಮ್ಯಾಗಝಿನುಗಳನ್ನು ನಾಗರಿಕರಿಗಾಗಿ ತಯಾರಿಸುವುದನ್ನು ನಿಷೇಧಿಸಿತು. ಹಳೆಯವು ಉಳಿದುಕೊಂಡವು, ಅವುಗಳ ಬೆಲೆ ಗಗನಕ್ಕೇರಿತು. ಹೊಸಬರಿಗೆ ಅನ್ಯಾಯವಾಗಬಾರದೆಂದು ‘ಲಿಮಿಟೆಡ್-10’ ಎಂಬ ವಿಭಾಗವೇ ಹುಟ್ಟಿಕೊಂಡಿತು. 2004ರ ಸೆಪ್ಟೆಂಬರಿನಲ್ಲಿ ಆ ಕಾನೂನಿನ ಅವಧಿ ಮುಗಿದು ನಿಷೇಧ ತಾನಾಗಿ ತೆರವಾಯಿತು. ಆದರೂ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳು ಹತ್ತರ ಮಿತಿಯನ್ನು ತಮ್ಮ ಕಾನೂನಿನಲ್ಲಿ ಬರೆದುಕೊಂಡಿವೆ. ಅಂಥ ಕಡೆ ಉದ್ದದ ಬೇಸ್ ಪ್ಯಾಡ್ ಜೋಡಿಸುವುದೇ ಅಪರಾಧವಾಗಬಹುದು.

ಈ ಕಾನೂನುಗಳ ಹಿಂದಿರುವುದು ಆಟದ ಚರ್ಚೆಯಲ್ಲ. 2011ರ ಜನವರಿ 8ರಂದು ಅರಿಜೋನಾದ ಟೂಸಾನ್ ನಗರದ ಅಂಗಡಿಯೊಂದರ ಮುಂದೆ, ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಜನರನ್ನು ಭೇಟಿಯಾಗುತ್ತಿದ್ದಾಗ ಯುವಕನೊಬ್ಬ ಗುಂಡು ಹಾರಿಸಿದ. ಅವನ ಪಿಸ್ತೂಲಿನಲ್ಲಿದ್ದದ್ದು 33 ತೋಟಾದ ಉದ್ದನೆಯ ಮ್ಯಾಗಝಿನ್. ಒಂಬತ್ತು ವರ್ಷದ ಬಾಲಕಿಯೂ ಸೇರಿ ಆರು ಮಂದಿ ಸತ್ತರು. ಗಿಫರ್ಡ್ಸ್ ತಲೆಗೆ ಗುಂಡು ತಗುಲಿಯೂ ಬದುಕುಳಿದರು. ಮ್ಯಾಗಝಿನ್ ಬರಿದಾಗಿ ಅವನು ಇನ್ನೊಂದಕ್ಕೆ ಕೈಹಾಕಿದ ಗಳಿಗೆಯಲ್ಲಿ ಅಲ್ಲಿದ್ದವರು ಮೇಲೆಬಿದ್ದು ಅವನನ್ನು ನೆಲಕ್ಕೆ ಕೆಡವಿದರು. ಸ್ಪರ್ಧಾಕಣದಲ್ಲಿ ಏಳೂವರೆ ಅಂಕ ಕಸಿಯುವ ಆ ಬದಲಾವಣೆಯ ಕ್ಷಣ, ಟೂಸಾನ್‌ನಲ್ಲಿ ಇನ್ನೆಷ್ಟೋ ಜೀವ ಉಳಿಸಿತು. ಮಿತಿ ಬೇಕೆನ್ನುವವರು ಇದನ್ನು ಮುಂದಿಡುತ್ತಾರೆ. ಕಾನೂನು ಪಾಲಿಸುವ ಕ್ರೀಡಾಪಟುವಿನ ಕೈ ಕಟ್ಟಿದರೆ ಪಾತಕಿ ನಿಲ್ಲುವನೇ ಎಂದು ಎದುರು ಪಕ್ಷದವರು ಕೇಳುತ್ತಾರೆ. ವಾದ ನ್ಯಾಯಾಲಯಗಳ ಮೆಟ್ಟಿಲೇರಿದೆ. ಉದ್ದದ ಮ್ಯಾಗಝಿನ್ ಆಟದ ಸಾಮಾನಷ್ಟೇ ಅಲ್ಲ ಎಂಬ ಎಚ್ಚರ ಮಾತ್ರ ಅದನ್ನು ಕೊಳ್ಳುವ ಪ್ರತಿಯೊಬ್ಬನಿಗೂ ಇರಬೇಕಾದದ್ದು.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 9 ಮಿಲಿಮೀಟರ್ ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿದ್ದು. ಸಾಮಾನ್ಯ ನಾಗರಿಕರಿಗೆ ಅದು ದೊರೆಯುವುದಿಲ್ಲ. ಹಾಗಾಗಿ ಇಲ್ಲಿಯ ಗುರಿಕಾರರ ದಾರಿ ಬಹುಪಾಲು ಒಲಿಂಪಿಕ್ ಮಾದರಿಯದೇ. ಆದರೆ ಸಲಕರಣೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಭಾರತೀಯರೂ ಕಣ್ಣಾರೆ ಕಂಡಿದ್ದಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ರಿಪೇರಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ಕೈತಪ್ಪಿತು. 2024ರ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆಲ್ಲುವವರೆಗೆ ಆ ಕಹಿ ಅವರ ಜೊತೆಗಿತ್ತು.

ಕೊಳ್ಳುವವರು ಕೊನೆಗೆ ನೆನಪಿಡಬೇಕಾದದ್ದು ಇಷ್ಟು. ಮೊದಲು ನಾಡಿನ ಕಾನೂನು, ಆಮೇಲೆ ವಿಭಾಗದ ನಿಯಮ, ಆಮೇಲೆ ಅಂಗಡಿ. ಪಿಸ್ತೂಲಿನ ಜೊತೆ ಬಂದ ಮ್ಯಾಗಝಿನಿನಲ್ಲೇ ಕೆಲವು ಪಂದ್ಯ ಆಡಿ, ನಿಜವಾಗಿ ಎಲ್ಲಿ ತೋಟಾ ಸಾಲದೆ ಬಂತೆಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆಗೆ ಐದು ಬೇಸ್ ಪ್ಯಾಡ್ ತರುವ ಬದಲು ಒಂದನ್ನು ತಂದು, ಪೂರ್ತಿ ತುಂಬಿ, ಪೂರ್ತಿ ಖಾಲಿ ಮಾಡಿ, ಮತ್ತೆ ಮತ್ತೆ ನೋಡಬೇಕು. ಅದು ಗೆದ್ದರೆ ಉಳಿದ ನಾಲ್ಕು. ಒಂದು ಸಲವೂ ತಡವರಿಸದ 22ರ ಮ್ಯಾಗಝಿನ್, ಆಗೊಮ್ಮೆ ಈಗೊಮ್ಮೆ ಸಿಕ್ಕಿಕೊಳ್ಳುವ 24ರ ಮ್ಯಾಗಝಿನಿಗಿಂತ ದೊಡ್ಡದು. ಸಂಜೆ ಪಂದ್ಯ ಮುಗಿದ ಮೇಲೆ ಗೆದ್ದವನೂ ಸೋತವನೂ ಒಂದೇ ಬೆಂಚಿನ ಮೇಲೆ ಕೂತು ಕೊಳವೆಗಳಿಂದ ಧೂಳು ಕೊಡವುತ್ತಿರುತ್ತಾರೆ. ಗೆದ್ದವನ ಮ್ಯಾಗಝಿನುಗಳ ತಳದ ಬಣ್ಣ ಸವೆದು ಹೋಗಿರುತ್ತದೆ. ಸಂಖ್ಯೆಗಳನ್ನು ಮಾತ್ರ ಹೊಸದಾಗಿ ತಿದ್ದಿರುತ್ತಾನೆ.